ಕೂಚ್ ಬೆಹಾರ್, ಶಿವಮೊಗ್ಗ ಮತ್ತು 404

ಕ್ರಿಕೆಟ್ ಬಗ್ಗೆ ಬ್ಲಾಗಿನಲ್ಲಿ ಬರೆದರೆ ಅರ್ಧ ಜನ ಓದದೇ ಎದ್ದು ಹೋಗ್ತಾರೆ ಅಂತ ಗೊತ್ತು. ಆದರೂ ಬರೀತೀನಿ. ಯಾಕಂದ್ರೆ ಇದು ಐಪಿಎಲ್ ಕಥೆ ಅಲ್ಲ, ಟೀವಿಯಲ್ಲಿ ಬರದ ಹುಡುಗರ ಕಥೆ. 2023-24ರ ಕೂಚ್ ಬೆಹಾರ್ ಟ್ರೋಫಿಯದ್ದು.

ಹೆಸರಿನಿಂದಲೇ ಶುರು ಮಾಡೋಣ. ಕೂಚ್ ಬೆಹಾರ್ ಅನ್ನೋದು ಬಂಗಾಳದ ಉತ್ತರ ತುದಿಯಲ್ಲಿದ್ದ ಒಂದು ಸಂಸ್ಥಾನ. ಅಲ್ಲಿನ ರಾಜಮನೆತನ ಕೊಟ್ಟ ಕಪ್ಪಿಗಾಗಿ 1945-46ರಲ್ಲಿ ಶಾಲಾ ಹುಡುಗರ ಟೂರ್ನಿ ಶುರುವಾಯಿತು. 1986-87ರವರೆಗೂ ಅದು ಶಾಲೆಗಳ ಟೂರ್ನಿಯೇ. 1987-88ರಿಂದ 19ರೊಳಗಿನವರದ್ದಾಯಿತು. ಈಗ ದೇಶದ ಆ ವಯಸ್ಸಿನ ಹುಡುಗರಿಗೆ ನಾಲ್ಕು ದಿನದ ಪಂದ್ಯ ಅಂದರೆ ಇದೇ.

ಆ ಟೂರ್ನಿ ಹುಟ್ಟಿದಾಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ನಿಜಾಮನ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಅಂದರೆ ಆಗ ನಮ್ಮ ಯಾವನಾದರೂ ಹುಡುಗ ಆಡಿದ್ದರೆ ಹೈದರಾಬಾದ್ ಕಡೆ ಆಡಬೇಕಿತ್ತು! 1956ರಲ್ಲಿ ರಾಜ್ಯ ಒಂದಾಯಿತು. 1933ರಲ್ಲಿ ಹುಟ್ಟಿದ್ದ ಮೈಸೂರು ಕ್ರಿಕೆಟ್ ಸಂಸ್ಥೆ 1973ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಆಯಿತು. ಹೆಸರು ಬದಲಾದ ಆ 1973-74ರ ಸೀಸನ್ನಿನಲ್ಲೇ ಪ್ರಸನ್ನ ನಾಯಕತ್ವದಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು. ಆಮೇಲೆ 2014-15ರ ಹೊತ್ತಿಗೆ ಒಟ್ಟು ಎಂಟು ಸಲ ಗೆದ್ದದ್ದೂ ಆಯಿತು. ಆದರೆ ಕೂಚ್ ಬೆಹಾರ್ ಮಾತ್ರ ಒಂದು ಸಲವೂ ಕೈಗೆ ಸಿಕ್ಕಿರಲಿಲ್ಲ. ವಿಶ್ವನಾಥ್, ಕುಂಬ್ಳೆ, ದ್ರಾವಿಡರನ್ನು ಕೊಟ್ಟ ರಾಜ್ಯಕ್ಕೆ ಹುಡುಗರ ಕಪ್ ಇರಲಿಲ್ಲ ಅಂದರೆ ನಂಬೋದು ಕಷ್ಟ. ಆದರೆ ನಿಜ.

ಇನ್ನು 2023-24ರ ಸೀಸನ್. ಧೀರಜ್ ಗೌಡ ನಾಯಕ. ತಂಡದಲ್ಲಿ ದ್ರಾವಿಡ್ ಮಗ ಸಮಿತ್ ಇದ್ದದ್ದರಿಂದ ಪೇಪರಿನವರ ಕಣ್ಣೆಲ್ಲ ಅವನ ಮೇಲೇ. ಮೈಸೂರಿನಲ್ಲಿ ಉತ್ತರಾಖಂಡದ ವಿರುದ್ಧ ಆಟ ನಡೆದಾಗ ಅಪ್ಪ ಅಮ್ಮ ಮೆಟ್ಟಿಲ ಮೇಲೆ ಕೂತು ನೋಡಿದ ಫೋಟೋ ನೀವೂ ನೋಡಿರ್ತೀರಿ. ಪಾಪ, ಆ ಹುಡುಗ ಚೆನ್ನಾಗಿಯೇ ಆಡಿದ. ಎಂಟು ಪಂದ್ಯಗಳಲ್ಲಿ 362 ರನ್, 16 ವಿಕೆಟ್. ಆದರೆ ಸೀಸನ್ ನೆನಪಿನಲ್ಲಿ ಉಳಿದದ್ದು ಇನ್ನೊಬ್ಬನಿಂದ.

ಫೈನಲ್ 2024ರ ಜನವರಿ 12ರಿಂದ 15, ಶಿವಮೊಗ್ಗದ ನವುಲೆ ಮೈದಾನದಲ್ಲಿ. ಎದುರಾಳಿ ಮುಂಬೈ. ಮೊದಲು ಆಡಿದ ಮುಂಬೈ 380 ಮಾಡಿತು. ಆಯುಷ್ ಮ್ಹಾತ್ರೆ ಎಂಬ ಹುಡುಗ 145 ಹೊಡೆದ (2025ರಲ್ಲಿ ಚೆನ್ನೈ ಪರ ಐಪಿಎಲ್ ಆಡಿದನಲ್ಲ, ಅವನೇ). ನಮ್ಮ ಹಾರ್ದಿಕ್ ರಾಜ್‌ಗೆ ನಾಲ್ಕು ವಿಕೆಟ್.

ಆಮೇಲೆ ಇನ್ನಿಂಗ್ಸ್ ಶುರು ಮಾಡಲು ಬಂದವನು ಪ್ರಖರ್ ಚತುರ್ವೇದಿ. ಬಂದವನು ಹೋಗಲೇ ಇಲ್ಲ! ಒಂದು ತುದಿಯಲ್ಲಿ ಹರ್ಷಿಲ್ ಧರ್ಮಾನಿ 169 ಹೊಡೆದು ಔಟಾದ, ಕಾರ್ತಿಕೇಯ 72 ಹೊಡೆದು ಹೋದ, ಸಮಿತ್ 22ಕ್ಕೆ ಹೋದ. ಇವನು ಮಾತ್ರ ಅಲ್ಲೇ ಇದ್ದ. 638 ಎಸೆತ, 46 ಬೌಂಡರಿ, 3 ಸಿಕ್ಸರ್, ಔಟಾಗದೆ 404. ಕರ್ನಾಟಕ 8 ವಿಕೆಟ್‌ಗೆ 890 ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಪಂದ್ಯ ಡ್ರಾ, ಮೊದಲ ಇನ್ನಿಂಗ್ಸಿನ ಮುನ್ನಡೆ 510, ಕಪ್ ನಮ್ಮದು. ಮೊದಲ ರಣಜಿಯಾಗಿ ಸರಿಯಾಗಿ ಐವತ್ತು ಸೀಸನ್ನಿನ ಮೇಲೆ.

638 ಎಸೆತ ಅಂದರೆ ಎಷ್ಟು ಗೊತ್ತಾ? 106 ಓವರಿನ ಮೇಲೆ ಎರಡು ಬಾಲು. ಮುಂಬೈನ ಹತ್ತೂ ವಿಕೆಟ್ ಸೇರಿ ಆಡಿದ್ದು 114 ಓವರ್‌ಗೆ ಒಂದು ಬಾಲು ಕಮ್ಮಿ. ಹೆಚ್ಚುಕಮ್ಮಿ ಅಷ್ಟನ್ನೂ ಇವನೊಬ್ಬನೇ ಎದುರಿಸಿದ. 2004ರಲ್ಲಿ ಲಾರಾ ಆಂಟಿಗುವಾದಲ್ಲಿ 400 ಹೊಡೆದಾಗಲೂ ಎದುರಿಸಿದ್ದು 582 ಎಸೆತ.

ಇಲ್ಲಿ ಹಳೇ ಲೆಕ್ಕ ಒಂದಿದೆ. 1999ರ ಡಿಸೆಂಬರ್, ಜಮ್ಷೆಡ್‌ಪುರದಲ್ಲಿ ಇದೇ ಟೂರ್ನಿಯ ಫೈನಲ್. ಬಿಹಾರ 357ಕ್ಕೆ ಆಲ್ ಔಟ್, ಅದರಲ್ಲಿ ಧೋನಿಯದು 84. ಪಂಜಾಬಿನ ಯುವರಾಜ್ ಒಬ್ಬನೇ 358 ಹೊಡೆದ! ಇಡೀ ಬಿಹಾರಕ್ಕಿಂತ ಒಂದು ಜಾಸ್ತಿ. ಧೋನಿ ಸಿನಿಮಾದಲ್ಲೂ ಇದು ಬರುತ್ತೆ. ಪ್ರಖರ್ ಮುರಿದದ್ದು ಆ ಫೈನಲ್ ದಾಖಲೆಯನ್ನು. ಇಡೀ ಟೂರ್ನಿಯ ದಾಖಲೆ ಮಾತ್ರ ಮಹಾರಾಷ್ಟ್ರದ ವಿಜಯ್ ಝೋಲ್ ಹೆಸರಲ್ಲಿದೆ, 2011-12ರಲ್ಲಿ ಅಸ್ಸಾಂ ವಿರುದ್ಧ ಔಟಾಗದೆ 451. ಯುವರಾಜ್ ಎರಡು ವಿಶ್ವಕಪ್ ಗೆದ್ದ. ಝೋಲ್ 2014ರ ಅಂಡರ್-19 ವಿಶ್ವಕಪ್‌ಗೆ ನಾಯಕನಾದ, ಆದರೆ ದೊಡ್ಡವರ ತಂಡಕ್ಕೆ ಬರಲೇ ಇಲ್ಲ. ನಾನೂರು ಹೊಡೆದ ಮಾತ್ರಕ್ಕೆ ಮುಂದಿನ ಬಾಗಿಲು ತೆರೆಯುತ್ತೆ ಅಂತೇನೂ ಇಲ್ಲ.

ಈಗ ಒಂದು ತಕರಾರು. 381ನೇ ರನ್ ಬಂದ ಕೂಡಲೇ ಕಪ್ ಹೆಚ್ಚುಕಮ್ಮಿ ನಮ್ಮದಾಗಿತ್ತು. ಉಳಿದ 509 ರನ್ ಯಾಕೆ? ಐನೂರೈವತ್ತಕ್ಕೆ ಬಿಟ್ಟು ಮುಂಬೈಯನ್ನು ಮತ್ತೊಮ್ಮೆ ಆಡಿಸಬಹುದಿತ್ತಲ್ಲ? ಈ ಪ್ರಶ್ನೆ ಸುಳ್ಳಲ್ಲ. ಮುನ್ನಡೆಯ ಮೇಲೆ ಫೈನಲ್ ತೀರ್ಮಾನಿಸುವ ನಿಯಮವೇ ಆಟವನ್ನು ಕುಟ್ಟಿ ಕೂರಿಸುತ್ತದೆ ಅಂತ ನನಗೂ ಅನಿಸುತ್ತೆ. ಆದರೆ ಎಪ್ಪತ್ತೆಂಟು ವರ್ಷ ಸಿಗದ ಕಪ್ ಎದುರಿಗಿರುವಾಗ ಹದಿನೆಂಟರ ನಾಯಕನಿಗೆ ಜೂಜಾಡು ಅಂತ ಹೇಳೋ ಧೈರ್ಯ ನನಗಿಲ್ಲ. 1948ರಲ್ಲಿ ಪುಣೆಯಲ್ಲಿ ನಿಂಬಾಳ್ಕರ್ 443ಕ್ಕೆ ಬಂದು, ಬ್ರಾಡ್‌ಮನ್‌ರ 452 ಇನ್ನೊಂಬತ್ತೇ ರನ್ ದೂರ ಇದ್ದಾಗ, ಕಾಠಿಯಾವಾಡದವರು ಪಂದ್ಯ ಬಿಟ್ಟುಕೊಟ್ಟು ಮನೆಗೆ ಹೋದರು. ಮುಂಬೈ ಹುಡುಗರು ಕೊನೇತನಕ ಬಿಸಿಲಲ್ಲಿ ನಿಂತು ಫೀಲ್ಡಿಂಗ್ ಮಾಡಿದರು. ಅದಕ್ಕೂ ಒಂದು ಶಹಬ್ಬಾಸ್ ಹೇಳಬೇಕು.

ಕೊನೇ ದಿನ ಸಂಕ್ರಾಂತಿ. ನಮ್ಮ ಕಡೆ ಆ ವರ್ಷ ಬರ. ಡ್ಯಾಂ ತುಂಬಿರಲಿಲ್ಲ, ಎರಡನೇ ಬೆಳೆಗೆ ಕಾಲುವೆ ನೀರಿಲ್ಲ. ಭತ್ತ ಕೊಯ್ದ ಗದ್ದೆಗಳು ನಾಟಿ ಇಲ್ಲದೆ ಒಣಗಿ ಬಿದ್ದಿದ್ದವು. ಶಿವಮೊಗ್ಗದ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಬರೋದು ನಮ್ಮ ಮುನಿರಾಬಾದಿಗೇ. ಆದರೆ ಅಲ್ಲಿನ ಕ್ರಿಕೆಟ್ ಇಲ್ಲಿಗೆ ಹರಿದು ಬರಲ್ಲ. ಕೊಪ್ಪಳ 1997ರಲ್ಲಿ ಜಿಲ್ಲೆಯಾದರೂ ಕ್ರಿಕೆಟ್ ಲೆಕ್ಕದಲ್ಲಿ ಈಗಲೂ ರಾಯಚೂರು ವಲಯ. ಚಿಣಿಪಣಿ ಆಡಿ ಕೈ ಪಳಗಿದ, ಟೆನಿಸ್ ಬಾಲಿನಲ್ಲಿ ಊರೂರಿನ ಕಪ್ ಹೊಡೆಯೋ ಹುಡುಗ, ಲೆದರ್ ಬಾಲು ಕೊಂಡು, ವಲಯಕ್ಕೆ ಆಯ್ಕೆಯಾಗಿ, ಬೆಂಗಳೂರಿನ ಕಣ್ಣಿಗೆ ಬೀಳುವಷ್ಟರಲ್ಲಿ ಹತ್ತೊಂಬತ್ತು ದಾಟಿರ್ತಾನೆ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡರೂ ಹೆಚ್ಚು ಹೆಸರು ಮಾಡಿದ್ದು ರೈಲ್ವೇಸ್ ತಂಡದಲ್ಲಿ, ಆಮೇಲೆ ಕರ್ನಾಟಕಕ್ಕೆ ಆಡಿದರು.

ಅಂದ ಹಾಗೆ ನಿಮ್ಮ ಕಡೆ ಚಿಣಿಪಣಿಗೆ ಏನಂತೀರಿ? ಚಿನ್ನಿದಾಂಡು, ಗಿಲ್ಲಿದಾಂಡು, ಇನ್ನೂ ಏನೇನೋ ಕೇಳಿದ್ದೀನಿ. ಕೆಳಗೆ ಬರೆದು ಹೋಗಿ, ಒಟ್ಟು ಸೇರಿಸೋಣ.