ಎಫ್-4ಇಜೆ ಫ್ಯಾಂಟಮ್ (ಜಪಾನ್): ವಿಮಾನ ಮತ್ತು ಕಿರುಮಾದರಿ

ಜಪಾನಿನ ವಾಯು ಸ್ವರಕ್ಷಣಾ ಪಡೆ 1971ರಿಂದ 2021ರವರೆಗೆ ಬಳಸಿದ ಎರಡು ಆಸನಗಳ ಜೆಟ್ ಯುದ್ಧವಿಮಾನ. ಅಮೆರಿಕದ ಮೆಕ್‌ಡೊನೆಲ್ ಡಗ್ಲಸ್ ಕಂಪನಿಯ ಎಫ್-4ಇ ಇದರ ಮೂಲ.

ಪ್ಲಾಸ್ಟಿಕ್ ಕಿಟ್ ಆಗುವ ಮುಂಚೆ ನಿಜವಾದ ವಿಮಾನವೇ ಜಪಾನಿಗೆ ಕಿಟ್ ರೂಪದಲ್ಲಿ ಬಂದಿತ್ತು. ಮೊದಲ ಎರಡು ಅಮೆರಿಕದಲ್ಲೇ ಸಿದ್ಧವಾದವು. ಮುಂದಿನ 11ನ್ನು ಆಮದಾದ ಬಿಡಿಭಾಗಗಳಿಂದ ಮಿತ್ಸುಬಿಷಿ ಜೋಡಿಸಿತು. ಉಳಿದ 127ನ್ನು ಪರವಾನಗಿ ಪಡೆದು ತಾನೇ ಕಟ್ಟಿತು. ಬೆಂಗಳೂರಿನ ಎಚ್‌ಎಎಲ್ ಜಾಗ್ವಾರ್ ವಿಮಾನಗಳನ್ನು ಕೈಗೆತ್ತಿಕೊಂಡಾಗಲೂ ಆರಂಭ ಇಂಥ ಜೋಡಣೆಯಿಂದಲೇ. 1981ರ ಮೇ ತಿಂಗಳಲ್ಲಿ ಹಸ್ತಾಂತರವಾದ 17-8440 ಸಂಖ್ಯೆಯ ವಿಮಾನ ಜಗತ್ತಿನ 5,195 ಫ್ಯಾಂಟಮ್‌ಗಳಲ್ಲಿ ಕಟ್ಟಕಡೆಯದು.

ಆಕ್ರಮಣಕ್ಕೆ ಒದಗುವ ಯಂತ್ರ ನಮಗೇಕೆ ಎಂಬ ರಾಜಕೀಯ ತಕರಾರಿನಿಂದಾಗಿ ಬಾಂಬ್ ದಾಳಿಯ ಗಣಕವ್ಯವಸ್ಥೆಯನ್ನು ತೆಗೆದುಹಾಕಲಾಗಿತ್ತು. ನಿಜವಾದ ಕೊರತೆ ಬಯಲಾದದ್ದು ಬೇರೆ ಕಡೆ. 1976ರ ಸೆಪ್ಟೆಂಬರ್ 6ರಂದು ಸೋವಿಯತ್ ಪೈಲಟ್ ಬೆಲೆಂಕೊ ಮಿಗ್-25 ಹಾರಿಸಿಕೊಂಡು ಜಪಾನಿನ ಹಕೊದಾತೆಯಲ್ಲಿ ಇಳಿದ. ಚಿತೊಸೆ ನೆಲೆಯಿಂದ ಮೇಲೇರಿದ್ದ ಫ್ಯಾಂಟಮ್‌ಗಳ ರೇಡಾರಿಗೆ ಕೆಳಮಟ್ಟದಲ್ಲಿ ಬರುತ್ತಿದ್ದ ಆ ವಿಮಾನ ದಕ್ಕಲಿಲ್ಲ. 1984ರಲ್ಲಿ ಮೊದಲು ಹಾರಿದ ಸುಧಾರಿತ ‘ಕಾಯ್’ ಮಾದರಿಗೆ ಎಪಿಜಿ-66 ರೇಡಾರ್ ಬಂತು. ಹಡಗುಗಳ ಮೇಲೆ ಕ್ಷಿಪಣಿ ಹಾರಿಸುವ ಸಾಮರ್ಥ್ಯವೂ ಸೇರಿತು.

ಜಪಾನಿನಲ್ಲಿ ಕಿರುಮಾದರಿಗಳ ತವರು ಷಿಜುವೊಕ. ಅಲ್ಲಿನ ಹಸೆಗಾವಾ (1941) ಮರದ ಆಟಿಕೆ ವಿಮಾನಗಳಿಂದ, ತಮಿಯಾ (1946) ಮರದ ವ್ಯಾಪಾರದಿಂದ ಶುರುವಾದ ಸಂಸ್ಥೆಗಳು. ಪ್ಲಾಸ್ಟಿಕ್ ಆಮೇಲೆ ಬಂದದ್ದು. ಹಸೆಗಾವಾ 1/72 ಮತ್ತು 1/48 ಅಳತೆಗಳಲ್ಲಿ ಫ್ಯಾಂಟಮ್ ಕಿಟ್‌ಗಳನ್ನು ಹೊರತಂದಿದೆ. 19.2 ಮೀಟರ್ ಉದ್ದದ ವಿಮಾನ 1/72ರಲ್ಲಿ ಸುಮಾರು 27 ಸೆಂಟಿಮೀಟರ್, ಮೇಜಿನ ಮೇಲೆ ಸಲೀಸಾಗಿ ಕೂರುತ್ತದೆ. ತೊಯೊಹಾಶಿಯ ಫೈನ್ ಮೋಲ್ಡ್ಸ್ ಕೂಡ 1/72ರಲ್ಲಿ ಹೊಸ ಅಚ್ಚು ಮಾಡಿಸಿತು.

ಜೋಡಿಸುವವರ ಕೌಶಲಕ್ಕೆ ಸವಾಲು ಕೋನಗಳದ್ದು. ರೆಕ್ಕೆಯ ತುದಿಭಾಗ ಮೇಲಕ್ಕೆ 12 ಡಿಗ್ರಿ, ಬಾಲದ ರೆಕ್ಕೆ ಕೆಳಕ್ಕೆ 23 ಡಿಗ್ರಿ ಓರೆ. ಅಂಟು ಒಣಗುವಾಗ ಒಂದು ಪಕ್ಕ ಕೊಂಚ ಜರುಗಿದರೂ ವಿಮಾನ ಸೊಟ್ಟಗೆ ಕಾಣುತ್ತದೆ. ಅಮೆರಿಕದ ಎಫ್-4ಇ ಕಿಟ್ ಕೊಂಡು ಜಪಾನಿನ ಕೆಂಪು ವೃತ್ತ ಅಂಟಿಸಿದರೆ ಸಾಕು ಎನ್ನುವವರೂ ಉಂಟು. ಸಾಲದು: ಅಲ್ಲಿನ ನಂತರದ ಎಫ್-4ಇಗಳ ರೆಕ್ಕೆಯ ಮುಂದಿನ ಅಂಚಿನಲ್ಲಿದ್ದ ಸ್ಲ್ಯಾಟ್‌ಗಳು (ಚಲಿಸುವ ಪಟ್ಟಿಗಳು) ಜಪಾನಿನವುಗಳಿಗೆ ಇರಲಿಲ್ಲ. ಹವ್ಯಾಸಿಗಳ ಅಚ್ಚುಮೆಚ್ಚು 301ನೇ ದಳದ ಕಪ್ಪೆ ಲಾಂಛನ. ಹ್ಯಾಕುರಿ ನೆಲೆಯ ಸಮೀಪದ ತ್ಸುಕುಬಾ ಬೆಟ್ಟದ ಹೆಸರಾಂತ ಕಪ್ಪೆಯೇ ಅದಕ್ಕೆ ಮೂಲ.

301ನೇ ದಳ 2020ರ ಕೊನೆಗೆ ಫ್ಯಾಂಟಮ್‌ಗಳನ್ನು ಕೈಬಿಟ್ಟು ಎಫ್-35ಎಗೆ ಹೊರಳಿತು. ಗಿಫು ನೆಲೆಯಲ್ಲಿ ಪರೀಕ್ಷೆಗೆ ಉಳಿದಿದ್ದವು 2021ರ ಮಾರ್ಚ್‌ನಲ್ಲಿ ನಿವೃತ್ತವಾದವು.