ಅರವತ್ತರ ಮೇಲೆ ಹೊರಿಸಿದ ಅಪವಾದ

ಬೀದರ್ ನಗರದ ಚೌಬಾರಾದ ಬಳಿ ಸ್ವಲ್ಪ ಹೊತ್ತು ನಿಂತರೆ ಸಾಕು, ಕನ್ನಡ, ಉರ್ದು, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. ಭಾಲ್ಕಿ, ಔರಾದ್ ಕಡೆಗೆ ಹೋದಂತೆ ಮರಾಠಿಯ ಬಳಕೆ ಹೆಚ್ಚು. ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ, ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ ಕನ್ನಡಿಗರು ‘ಅರವತ್ತಕ್ಕೆ ಅರಳುಮರಳು’ ಎನ್ನುತ್ತಾರೆ. ಮರಾಠಿಯ ಗಾದೆ ‘ಸಾಠೀ ಬುದ್ಧೀ ನಾಠೀ’. ಅರವತ್ತಾಯಿತು, ಬುದ್ಧಿ ಹೋಯಿತು ಎಂದರ್ಥ. ಉರ್ದುವಿನಲ್ಲಿ ‘ಸಠಿಯಾನಾ’ ಎಂಬ ಕ್ರಿಯಾಪದವೇ ಇದೆ. ಅದರ ಮೂಲ ‘ಸಾಠ್’, ಅಂದರೆ ಅರವತ್ತು. ಮೂರು ಭಾಷೆಗಳೂ ಒಂದೇ ವಯಸ್ಸಿನ ಮೇಲೆ ತಪ್ಪು ಹೊರಿಸಿವೆ.

ಈ ತೀರ್ಪು ಸರಿಯೇ? 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟ್ ಡೇಟರ್ ಎಂಬ ಮಹಿಳೆಯನ್ನು ಕರೆತರಲಾಯಿತು. ತನ್ನ ಹೆಸರನ್ನು ಬರೆಯಲೂ ಆಕೆ ತಡವರಿಸುತ್ತಿದ್ದಳು. ವಯಸ್ಸು 51 ಮಾತ್ರ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯ ಅಲೋಯಿಸ್ ಅಲ್ಝೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ನರಕೋಶಗಳ ಹೊರಗೆ ಹೆಪ್ಪುಗಟ್ಟಿದ ವಸ್ತು, ಒಳಗೆ ಸಿಕ್ಕುಬಿದ್ದ ಎಳೆಗಳು ಕಂಡವು. 1910ರಲ್ಲಿ ಆ ಕಾಯಿಲೆಗೆ ಅವರ ಹೆಸರನ್ನೇ ಇಡಲಾಯಿತು. ಕೆಟ್ಟದ್ದು ವಯಸ್ಸಲ್ಲ, ಕೋಶಗಳು ಎಂಬುದಕ್ಕೆ ಸಾಕ್ಷ್ಯ ದೊರೆತಿತ್ತು.

ಚರ್ಮದ ಗಾಯ ಮಾಯುವಂತೆ ಸತ್ತ ನರಕೋಶದ ಜಾಗ ಮತ್ತೆ ತುಂಬಿಕೊಳ್ಳುವುದಿಲ್ಲ. ಯಾವ ಭಾಗದ ಕೋಶಗಳು ಸಾಯುತ್ತವೆ ಎಂಬುದರ ಮೇಲೆ ರೋಗದ ಲಕ್ಷಣಗಳು ನಿಂತಿವೆ. ಅಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ನೆನಪನ್ನು ಕೂಡಿಡುವ ಭಾಗಕ್ಕೆ. ಹೀಗಾಗಿ ಹಳೆಯದು ನೆನಪಿರುತ್ತದೆ, ಬೆಳಗಿನ ಊಟ ಮರೆತುಹೋಗುತ್ತದೆ. ನಡುಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ನಶಿಸಿದರೆ ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ. ಇದೇ 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ರೋಗ.

ಆಯುರ್ವೇದದಲ್ಲಿ ನಡುಕದ ಕಾಯಿಲೆಗೆ ಕಂಪವಾತ ಎಂಬ ಹೆಸರಿದೆ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜ ಅದರ ಔಷಧಗಳಲ್ಲಿ ಒಂದು. 1937ರಲ್ಲಿ ಮದ್ರಾಸಿನ ವಿಜ್ಞಾನಿಗಳು ಇದೇ ಬೀಜದಿಂದ ಎಲ್-ಡೋಪಾ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. 1960ರ ದಶಕದಲ್ಲಿ ಪಾರ್ಕಿನ್ಸನ್ ರೋಗಕ್ಕೆ ಅದೇ ಮುಖ್ಯ ಔಷಧವಾಯಿತು. ಹಾಗೆಂದು ಯಾರೂ ಬೀಜವನ್ನು ಅರೆದು ಕುಡಿಯಬಾರದು. ಪ್ರಮಾಣ ತಪ್ಪಿದರೆ ಅಪಾಯ.

ಈ ಹೊಸ ವಿದ್ಯೆಗೂ ಬೀದರ್‌ಗೂ ನಡುವೆ ಬಹಳ ದೂರವಿತ್ತು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದ 1954ರಲ್ಲಿ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಆ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ದಾನವಾಗಿ ಬಂದ ಮೆದುಳುಗಳನ್ನು ಅಧ್ಯಯನಕ್ಕಾಗಿ ಕಾಪಿಡುವ ಮೆದುಳು ಬ್ಯಾಂಕ್ 1995ರಲ್ಲಿ ಅಲ್ಲಿ ಆರಂಭವಾಯಿತು. ಬೀದರ್‌ಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2007ರಲ್ಲಿ. ಇಂದಿಗೂ ಔರಾದ್‌ನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಆದರೆ ರಸ್ತೆಯ ದೂರಕ್ಕಿಂತ ಗಾದೆಯ ಅಡ್ಡಿ ದೊಡ್ಡದು. ‘ವಯಸ್ಸಾಯಿತು, ಇನ್ನೇನು’ ಎಂದುಕೊಂಡ ಮನೆಯವರು ವೈದ್ಯರ ಬಾಗಿಲು ತಟ್ಟುವುದಿಲ್ಲ. ಅಲ್ಝೈಮರ್ ಕಾಯಿಲೆಯನ್ನು ಪೂರ್ಣ ಗುಣಪಡಿಸುವ ಮದ್ದು ಇಲ್ಲ, ನಿಜ. ಆದರೆ ಎಲ್ಲ ಮರೆವೂ ಅಲ್ಝೈಮರ್ ಅಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಬಿದ್ದು ಪೆಟ್ಟಾದ ಮೇಲೆ ತಲೆಯೊಳಗೆ ನಿಂತ ರಕ್ತ ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಇಂಥ ಎಷ್ಟೋ ಮಂದಿ ಚೇತರಿಸಿಕೊಳ್ಳಬಲ್ಲರು.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಅರವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ಮರೆಗುಳಿತನದ ಕಾಯಿಲೆ ಇರುವವರು ಶೇಕಡ 7.4. ಅಂದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಹಿರಿಯರಿಗೆ ಅದಿಲ್ಲ. ಮೂರು ಭಾಷೆಗಳ ಗಾದೆಗಳನ್ನೂ ಈ ಲೆಕ್ಕ ಸುಳ್ಳು ಮಾಡುತ್ತದೆ. ಇನ್ನು ಮುಂದೆ ಮನೆಯಲ್ಲಿ ಯಾರಾದರೂ ‘ಅರವತ್ತಾಯಿತಲ್ಲ’ ಎಂದರೆ ನಕ್ಕು ಸುಮ್ಮನಾಗಬೇಡಿ. ‘ಎಷ್ಟು ದಿನದಿಂದ ಹೀಗಿದೆ?’ ಎಂದು ಕೇಳಿ. ವೈದ್ಯರೂ ಮೊದಲು ಕೇಳುವುದು ಅದನ್ನೇ.