ಮುತ್ತಿನ ಓಲೆಯ ಹುಡುಗಿಯೂ ದಾಖಲೆಯಲ್ಲಿ ಉಳಿದ ಕೆಲಸದಾಕೆಯೂ

ನೆದರ್ಲೆಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿ ಒಂದೂವರೆ ಅಡಿಗೂ ಕಡಿಮೆ ಎತ್ತರದ ಚಿತ್ರವೊಂದಿದೆ. ತಲೆಗೆ ನೀಲಿ, ಹಳದಿ ವಸ್ತ್ರ ಸುತ್ತಿಕೊಂಡ ಹುಡುಗಿಯೊಬ್ಬಳು ಯಾರೋ ಕರೆದರೆಂಬಂತೆ ತಿರುಗಿ ನೋಡುತ್ತಿದ್ದಾಳೆ. ಕಿವಿಯಲ್ಲಿ ಒಂದು ಮುತ್ತು. ಡೆಲ್ಫ್ಟ್ ಊರಿನ ಯೊಹಾನಸ್ ವರ್ಮೀರ್ 1665ರ ಸುಮಾರಿಗೆ ಇದನ್ನು ರಚಿಸಿದನು. 1881ರ ಹರಾಜಿನಲ್ಲಿ ಎರಡು ಗಿಲ್ಡರ್ ಚಿಲ್ಲರೆಗೆ ಬಿಕರಿಯಾದ ಈ ಚಿತ್ರ, ಕೊಂಡವನ ಉಯಿಲಿನ ಮೂಲಕ 1902ರಲ್ಲಿ ಸಂಗ್ರಹಾಲಯವನ್ನು ಸೇರಿತು.

ಈ ಹುಡುಗಿ ಯಾರು? ಇತಿಹಾಸದಲ್ಲಿ ಉತ್ತರವಿಲ್ಲ. ಇಂತಹ ಚಿತ್ರಗಳಿಗೆ ಡಚ್ಚರಲ್ಲಿ 'ಟ್ರೋನಿ' ಎಂಬ ಹೆಸರಿತ್ತು. ಅವು ಗೊತ್ತಾದ ವ್ಯಕ್ತಿಯ ಭಾವಚಿತ್ರಗಳಲ್ಲ, ಒಂದು ಮುಖಭಾವದ ಅಥವಾ ವಿಶಿಷ್ಟ ಉಡುಪಿನ ಚಿತ್ರಣಗಳು. 2018ರಲ್ಲಿ ತಜ್ಞರು ಚಿತ್ರವನ್ನು ಯಂತ್ರಗಳ ನೆರವಿನಿಂದ ಪರಿಶೀಲಿಸಿದರು. ಕಪ್ಪು ಹಿನ್ನೆಲೆಯಲ್ಲಿ ಹಿಂದೊಮ್ಮೆ ಹಸಿರು ಪರದೆಯಿತ್ತೆಂದೂ, ಹುಡುಗಿಗೆ ನವಿರಾದ ರೆಪ್ಪೆಗೂದಲುಗಳಿದ್ದುವೆಂದೂ, ಮುತ್ತನ್ನು ಕಿವಿಗೆ ತೂಗಿಸುವ ಕೊಂಡಿಯೇ ಇಲ್ಲವೆಂದೂ ತಿಳಿಯಿತು. ಹುಡುಗಿಯ ಹೆಸರು ಮಾತ್ರ ತಿಳಿಯಲಿಲ್ಲ.

ಈ ತೆರವಿನಲ್ಲಿಯೇ ಟ್ರೇಸಿ ಶೆವಲಿಯರ್ 1999ರಲ್ಲಿ ತಮ್ಮ ಕಾದಂಬರಿಯನ್ನು ಕಟ್ಟಿದರು. ಕುಲುಮೆಯ ಅವಘಡದಲ್ಲಿ ಕಣ್ಣು ಕಳೆದುಕೊಂಡ ಹೆಂಚು ಚಿತ್ರಕಾರನೊಬ್ಬನ ಮಗಳು ಗ್ರೀಟ್, ಹದಿನಾರರ ವಯಸ್ಸಿನಲ್ಲಿ ವರ್ಮೀರನ ಮನೆಗೆಲಸಕ್ಕೆ ಸೇರುತ್ತಾಳೆ. ಹೆಚ್ಚಿದ ತರಕಾರಿಗಳನ್ನು ಅವಳು ಬಣ್ಣ ನೋಡಿ ಜೋಡಿಸಿಟ್ಟಿರುವುದನ್ನು ವರ್ಮೀರ್ ಗಮನಿಸುತ್ತಾನೆ. ಮುಂದೆ ಅವನಿಗಾಗಿ ಬಣ್ಣ ಅರೆಯುತ್ತಾಳೆ. ಕೊನೆಗೆ ಯಜಮಾನಿಯ ಮುತ್ತಿನ ಓಲೆ ಧರಿಸಿ ಅವನೆದುರು ಕುಳಿತುಕೊಳ್ಳುತ್ತಾಳೆ. ಮೊದಲ ಓದಿನಲ್ಲಿ ಗ್ರೀಟ್ ನಿಜವಾಗಿಯೂ ಇದ್ದಳೆಂದೇ ನಾವು ನಂಬಿದ್ದೆವು.

ಆದರೆ ಆ ಮನೆಯಲ್ಲಿ ನಿಜವಾಗಿ ದುಡಿದ ಕೆಲಸದಾಕೆಯೊಬ್ಬಳ ಹೆಸರು ಡೆಲ್ಫ್ಟ್‌ನ ದಾಖಲೆಗಳಲ್ಲಿದೆ: ಟಾನೆಕೆ ಎವರ್‌ಪೂಲ್. ವರ್ಮೀರನ ಪತ್ನಿ ಕ್ಯಾಥರೀನಾ ತುಂಬು ಗರ್ಭಿಣಿಯಾಗಿದ್ದಾಗ, ಆಕೆಯ ಒಡಹುಟ್ಟಿದವನಾದ ವಿಲ್ಲೆಮ್ ಕೋಲು ಹಿಡಿದು ಹೊಡೆಯಲು ಬಂದಿದ್ದನು. ಟಾನೆಕೆ ಅಡ್ಡ ಬಂದು ತಡೆದಳು. ಈ ಸಂಗತಿ ಆಕೆಯ ಸಾಕ್ಷ್ಯದಿಂದಲೇ ನಮಗೆ ಗೊತ್ತಾಗಿದೆ. ವರ್ಮೀರನ ಶಾಂತವಾದ ಕೋಣೆಗಳಲ್ಲಿ ಇಂತಹ ಗಲಭೆಯ ಸುಳಿವೂ ಕಾಣುವುದಿಲ್ಲ.

ಕಾದಂಬರಿಯಲ್ಲಿ ಟಾನೆಕೆಯೂ ಇದ್ದಾಳೆ, ಆದರೆ ಮುನಿಸಿನ, ಮತ್ಸರದ ಹಿರಿಯ ಕೆಲಸದಾಕೆಯಾಗಿ. ಅದು ಲೇಖಕಿಯ ಸ್ವಾತಂತ್ರ್ಯ. ಅದನ್ನು ನಾವು ದೂರುವುದಿಲ್ಲ. ಗ್ರೀಟಳಂತಹ ಪಾತ್ರವನ್ನು ಎಷ್ಟು ಸುಂದರವಾಗಿ ಕಲ್ಪಿಸಿದರೂ ಯಾರಿಗೂ ಅನ್ಯಾಯವಾಗದು, ಏಕೆಂದರೆ ಅಲ್ಲಿ ದಾಖಲೆಯೇ ಇಲ್ಲ. ಬದುಕಿದ್ದವಳ ಸ್ವಭಾವವನ್ನು ಕಲ್ಪಿಸುವಾಗ ಹಾಗಲ್ಲ. ಆಕೆ ತಿರುಗಿ ಉತ್ತರಿಸಲಾರಳು, ಮತ್ತು ಹೆಚ್ಚಿನ ಓದುಗರು ದಾಖಲೆಯವರೆಗೆ ಹೋಗುವುದಿಲ್ಲ. ಕಾದಂಬರಿಯನ್ನು ಓದದಿದ್ದರೆ ನಾವೂ ಹೋಗುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು. ಗ್ರೀಟಳನ್ನು ಹುಡುಕುತ್ತ ಹೊರಟವರಿಗೆ ಟಾನೆಕೆ ಸಿಕ್ಕಳು.

1675ರಲ್ಲಿ ವರ್ಮೀರ್ ಸಾಲದ ಹೊರೆ ಬಿಟ್ಟು ತೀರಿಕೊಂಡನು. ಅವನ ಮಾವನ ಕಡೆಯ ಜಗಳಗಳೂ, ಮನೆಯ ಲೆಕ್ಕಗಳೂ ಕಾಗದದ ಮೇಲೆ ಉಳಿದುಕೊಂಡವು. ಅವುಗಳ ನಡುವೆ, ಯಜಮಾನಿಯನ್ನು ಹೊಡೆತದಿಂದ ಕಾಪಾಡಿದ ಹೆಂಗಸಿನ ಮಾತೂ ಉಳಿದಿದೆ. ಟಾನೆಕೆಯ ಮುಖವಿದೆಂದು ಖಚಿತವಾಗಿ ಹೇಳಬಲ್ಲ ಚಿತ್ರ ಒಂದೂ ಇಲ್ಲ.